ಆಯಿಲ್ ಬದಲಿಸಲು ಕೊಟ್ಟ ನಂಬರು

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಲೋಕಲ್ ಇಳಿದವರು ಮೆಟ್ರೊ ಹತ್ತಲು, ಮೆಟ್ರೊ ಇಳಿದವರು ಲೋಕಲ್ ಹಿಡಿಯಲು ಒಂದೇ ಸೇತುವೆಯ ಮೇಲೆ ಎದುರುಬದುರಾಗಿ ನುಗ್ಗುತ್ತಾರಲ್ಲ, ಅಲ್ಲಿ ನನ್ನ ಫೋನು ರಿಂಗಾಯಿತು. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರು. ಕೊರಿಯರ್‌ನವನಿರಬೇಕೆಂದು ಎತ್ತಿದೆ. ಅತ್ತ ಕಡೆ ಒಬ್ಬ ಹುಡುಗಿ. ನನ್ನ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳಿದಳು, ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಓದಿದಳು. ಆಮೇಲೆ, ‘ಸರ್, ಆಪ್ ಹರ್ ಸಾಲ್ ಮೇ ಮಹೀನೇ ಮೇ ಮ್ಯಾಂಗ್ಲೋರ್ ಜಾತೇ ಹೋ ನಾ, ಫ್ಯಾಮಿಲಿ ಕೇ ಸಾಥ್?’ ಎಂದಳು.

ನಿಂತುಬಿಟ್ಟೆ. ಆ ಸೇತುವೆಯ ಮೇಲೆ ನಿಲ್ಲುವುದೆಂದರೆ ಮಳೆಗಾಲದ ಹೊಳೆಯಲ್ಲಿ ಕಂಬ ನೆಟ್ಟ ಹಾಗೆ. ಹಿಂದಿನಿಂದ ಬಂದವರೊಬ್ಬರು ಗುಜರಾತಿಯಲ್ಲಿ ಬೈದುಕೊಂಡು ಬಳಸಿ ಹೋದರು.

ಹುಡುಗಿ ಮಾತು ಮುಂದುವರಿಸಿದಳು. ಈ ಸಲ ಊರಿಗೆ ಏಳು ಸೀಟಿನ ಗಾಡಿಯಲ್ಲೇ ಹೋಗಬಹುದಂತೆ. ಹಳೇ ಗಾಡಿ ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್, ಹಳೇ ಗಿರಾಕಿ ಎಂದು ಲಾಯಲ್ಟಿ ಬೋನಸ್, ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬೇರೆ ಇಳಿದಿದೆ. ‘ನಿಮ್ಮ ಲೋನ್ ಹೇಗೂ ಎರಡು ತಿಂಗಳಲ್ಲಿ ಮುಗಿಯುತ್ತೆ ಸರ್, ಅದೇ ಇಎಂಐಗೆ ಹೊಸ ಗಾಡಿ ಬರುತ್ತೆ.’ ಇಷ್ಟು ಸಾಲದು ಎಂಬಂತೆ, ಸರಿಯಾಗಿ ನನ್ನ ಗಾಡಿಯಂಥದ್ದೇ, ಅದೇ ಬಣ್ಣದ್ದೇ ಬೇಕೆಂದು ಒಬ್ಬ ಗಿರಾಕಿ ಶೋರೂಮಿನಲ್ಲಿ ಕಾದು ಕೂತಿದ್ದಾರೆ ಎಂದಳು.

ಬೋನಸ್ಸಿನ ಲೆಕ್ಕ ಒಂದೂ ನನ್ನ ತಲೆಗೆ ಹೋಗಲಿಲ್ಲ. ಮಂಗಳೂರು ಇವಳಿಗೆ ಹೇಗೆ ಗೊತ್ತಾಯಿತು ಎಂಬುದೊಂದೇ ಕೊರೆಯತೊಡಗಿತು.

ಉತ್ತರ ಸಿಕ್ಕಿದ್ದು ಮುಂದಿನ ಸರ್ವಿಸಿಂಗಿಗೆ ಗಾಡಿ ಬಿಡಲು ಹೋದಾಗ. ಸರ್ವಿಸ್ ಅಡ್ವೈಸರ್ ಹುಡುಗ ಒಳ್ಳೆಯವನು, ಕೆಲಸ ಗೊತ್ತಿರುವವನು. ಜಾಬ್ ಕಾರ್ಡ್ ಮಾಡಲು ಟ್ಯಾಬ್ ತೆರೆದಾಗ ಅದರ ಪರದೆ ಸ್ವಲ್ಪ ನನ್ನ ಕಡೆಗೂ ವಾಲಿತು. ಹಿಂದಿನ ನಾಲ್ಕು ವರ್ಷಗಳ ಷರಾಗಳು ಸಾಲಾಗಿ ಇದ್ದವು. ಪ್ರತಿ ಏಪ್ರಿಲ್‌ನಲ್ಲೂ ಒಂದೇ ಸಾಲು: ಲಾಂಗ್ ಡ್ರೈವ್, ಮ್ಯಾಂಗ್ಲೋರ್, ಫ್ಯಾಮಿಲಿ, ಬ್ರೇಕ್ ಮತ್ತು ಎಸಿ ನೋಡಬೇಕು. ಯಾರೋ ಕದ್ದು ಕೇಳಿಸಿಕೊಂಡದ್ದಲ್ಲ. ನಾನೇ ಹೇಳಿದ್ದು. ‘ಊರಿಗೆ ಹೊರಟಿದ್ದೇವೆ, ಕಶೇಡಿ ಘಾಟಿ ಇದೆ, ಮಕ್ಕಳಿರ್ತಾರೆ, ಬ್ರೇಕ್ ಸರಿಯಾಗಿ ನೋಡಪ್ಪಾ’ ಎಂದು ನಾನು ಅಕ್ಕರೆಯಿಂದ ಹೇಳಿದ ಮಾತು ಮೆಕ್ಯಾನಿಕ್‌ನ ಕಿವಿಗೆ ಬಿತ್ತೋ ಇಲ್ಲವೋ, ಸೇಲ್ಸ್ ವಿಭಾಗದ ಕಿವಿಗಂತೂ ಬಿದ್ದಿತ್ತು.

ಅಲ್ಲಿಂದ ಮೇಲೆ ನಾನು ಅವರ ಹತ್ತಿರ ಏನೇನಿದೆ ಎಂದು ಎಣಿಸತೊಡಗಿದೆ. ಗಾಡಿ ಕೊಂಡಾಗ ಕೊಟ್ಟ ಆಧಾರ್, ಪ್ಯಾನ್, ಫೋಟೊ, ಲೈಟ್ ಬಿಲ್. ವಡಾಲಾ ಆರ್‌ಟಿಒದ ಎಂಎಚ್-03 ನೋಂದಣಿಗೆ ತುಂಬಿದ ಅರ್ಜಿ. ಸಾಲ ಕೊಟ್ಟ ಬ್ಯಾಂಕು ಯಾವುದು ಎಂಬುದು ಆರ್‌ಸಿಯ ಮೇಲೇ ಇರುತ್ತದೆ. ಸಾಲ ಮಾಡಿಸಿಕೊಟ್ಟವರೇ ಅವರಾದ್ದರಿಂದ ಕಂತು ಎಷ್ಟು, ಎಂದು ಮುಗಿಯುತ್ತದೆ ಎಂಬುದೂ ಗೊತ್ತು. ನಾಮಿನಿಯೆಂದು ಬರೆಸಿದ ಹೆಂಡತಿಯ ಹೆಸರು, ವಯಸ್ಸು ಇನ್ಶೂರೆನ್ಸ್ ಪಾಲಿಸಿಯಲ್ಲಿದೆ. ಓಡೋಮೀಟರ್ ಆರು ತಿಂಗಳಿಗೊಮ್ಮೆ ಬರೆದುಕೊಳ್ಳುತ್ತಾರೆ. ವರ್ಷವಿಡೀ ಮನೆ ಕೆಳಗೆ ನಿಲ್ಲುವ ಗಾಡಿ ಮೇ ತಿಂಗಳಲ್ಲಿ ಮಾತ್ರ ಹೋಗಿಬರುವ ಲೆಕ್ಕದಲ್ಲಿ ಎರಡು ಸಾವಿರ ಕಿಲೋಮೀಟರಿನ ಹತ್ತಿರ ಓಡಿದರೆ, ಷರಾ ಬರೆಯದಿದ್ದರೂ ಊಹಿಸುವುದು ಕಷ್ಟವಲ್ಲ. ಬಂಪರ್ ತಾಗಿಸಿಕೊಂಡು ಕ್ಲೇಮ್ ಮಾಡಿದ್ದು ಎರಡು ಸಲ. ಒಂದು ಸಲ ನಾನಲ್ಲ, ಮಗ. ಅದೂ ಅಲ್ಲಿದೆ.

ನನ್ನ ಭಾವನದು ಎಲ್‌ಬಿಎಸ್ ಮಾರ್ಗದ ಬದಿಯಲ್ಲಿ ಹೋಟೆಲ್. ಊರಿನಿಂದ ಬಂದು ತಟ್ಟೆ ಎತ್ತಿ, ಗಲ್ಲೆಗೆ ಬಂದು, ಮಾಲಿಕರಾದವರು; ಇಂಥ ಕಥೆ ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಮುಂದೆ ಈ ಮಂಗಳೂರು ಷರಾದ ಸುದ್ದಿ ಎತ್ತಿದೆ. ಅವರು ನಗುತ್ತಾ, ‘ಅದರಲ್ಲಿ ಏನುಂಟು ಮಾರಾಯಾ? ಗಿರಾಕಿಯ ವಿಷಯ ಗೊತ್ತಿಲ್ಲದೆ ವ್ಯಾಪಾರ ಮಾಡ್ಲಿಕ್ಕೆ ಆಗ್ತದಾ?’ ಎಂದರು. ಗಲ್ಲೆಯ ಕೆಳಗಿದ್ದ ಉದ್ರಿ ಪುಸ್ತಕ ಎತ್ತಿ ತೋರಿಸಿದರು. ಯಾರು ತಿಂಗಳ ಕೊನೆಗೆ ಕೊಡುತ್ತಾರೆ, ಯಾರಿಗೆ ನೆನಪಿಸಬೇಕು, ಯಾರ ಕೆಲಸ ಹೋಗಿದೆ, ಎಲ್ಲ ಅದರಲ್ಲಿದೆ. ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು: ‘ಯಾರ ಚಹಾಕ್ಕೆ ಸಕ್ಕರೆ ಎಷ್ಟು ಅಂತ ನನಗೆ ಗೊತ್ತುಂಟು. ಹಾಗಂತ ಆ ಲಿಸ್ಟ್ ಡಯಾಬಿಟಿಸ್ ಡಾಕ್ಟರಿಗೆ ಕೊಟ್ಟಿದ್ದೇನಾ?’

ಈ ಲೇಖನಕ್ಕೆ ಬೇಕಾದ ಕಾನೂನೆಲ್ಲ ಆ ಒಂದು ಮಾತಿನಲ್ಲಿದೆ. ಅಂಗಡಿಯವರಿಗೆ ನಮ್ಮ ವಿಷಯ ಗೊತ್ತಿರುವುದು ತಪ್ಪಲ್ಲ. ಒಂದು ಕೆಲಸಕ್ಕೆಂದು ಕೊಟ್ಟದ್ದು ನಮ್ಮನ್ನು ಕೇಳದೆ ಇನ್ನೊಂದು ಕೆಲಸಕ್ಕೆ ಹೋಯಿತಲ್ಲ, ಅಲ್ಲಿದೆ ತಕರಾರು.

ಕಾರಿನ ವ್ಯಾಪಾರ ಹಿಂದೆ ಹೀಗಿರಲಿಲ್ಲ. ಘಾಟ್ಕೋಪರಿನಿಂದ ಅದೇ ಎಲ್‌ಬಿಎಸ್ ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಕುರ್ಲಾ. ವಾಲಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇದ್ದದ್ದು ಅಲ್ಲಿ. ಫಿಯೆಟ್ ಎಂದೇ ಜನ ಕರೆದ ಪದ್ಮಿನಿ ಅಲ್ಲಿಂದ ಹೊರಬೀಳುತ್ತಿತ್ತು. ಆ ಕಾಲದಲ್ಲಿ ಡೀಲರನ ಹತ್ತಿರ ಒಂದು ರಿಜಿಸ್ಟರ್ ಇರುತ್ತಿತ್ತು. ದುಡ್ಡು ಕಟ್ಟಿ ಹೆಸರು ಬರೆಸಿ, ಪಾಳಿ ಬರುವ ತನಕ ವರ್ಷಗಟ್ಟಲೆ ಕಾಯಬೇಕು. ಡೀಲರ್ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಜನರೇ ಅವನಿಗೆ ಫೋನ್ ಮಾಡಿ, ಪರಿಚಯದವರಿಂದ ಹೇಳಿಸಿ, ನಂಬರು ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ನಮ್ಮ ಪಂತನಗರದ ಹಿರಿಯರೊಬ್ಬರು ಗಾಡಿ ಬುಕ್ ಮಾಡಿದಾಗ ಮಗಳು ಬಾಲವಾಡಿಯಲ್ಲಿದ್ದಳು, ಗಾಡಿ ಬಂದಾಗ ನಾಲ್ಕನೇ ಇಯತ್ತೆ. ಮುಂಬಯಿ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ ಕೊನೆಗೂ ಮರೆಯಾದದ್ದು 2023ರ ಅಕ್ಟೋಬರ್ 30ರಂದು, ಕೊನೆಯದಾಗಿ ನೋಂದಣಿಯಾದ ಟ್ಯಾಕ್ಸಿಗೆ 20 ವರ್ಷ ತುಂಬಿದಾಗ. ಅಷ್ಟರೊಳಗೆ ಪಾಳಿ ತಿರುಗಿ ಹೋಗಿತ್ತು. ಈಗ ಕಾಯುವವರು ಅವರು, ಪಟ್ಟಿಯಲ್ಲಿರುವವರು ನಾವು.

ಯಾಕೆ ಅಷ್ಟೊಂದು ಕಾಯುತ್ತಾರೆ ಎಂಬುದಕ್ಕೆ ವ್ಯಾಪಾರದ ಕಾರಣವಿದೆ. ಹೊಸ ಗಾಡಿ ಮಾರಿದರೆ ಡೀಲರನ ಕೈಗೆ ಉಳಿಯುವುದು ಸಣ್ಣ ಪಾಲು. ಅದರಲ್ಲೂ ರಿಯಾಯಿತಿ ಕೊಡಲು ಕೈಬಿಡಬೇಕಾದದ್ದು ಬೇರೆ. ಸಂಬಳ, ಬಾಡಿಗೆ ಹುಟ್ಟುವುದು ಸರ್ವಿಸಿಂಗಿನಲ್ಲಿ, ಬಿಡಿಭಾಗದಲ್ಲಿ, ಸಾಲದ ಕಮಿಷನ್ನಿನಲ್ಲಿ, ಇನ್ಶೂರೆನ್ಸಿನಲ್ಲಿ. ಡೀಲರ್‌ಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಕರು 2017ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಮಾಡಿದರು. ಹಳೇ ಗಿರಾಕಿ ಗಾಡಿ ಬದಲಿಸಿದನೆಂದರೆ ಇವೆಲ್ಲ ಮತ್ತೊಂದು ಸುತ್ತು ಬರುತ್ತವೆ. ಮೇಲಿಂದ ಅವನ ಹಳೇ ಗಾಡಿ ಸೆಕೆಂಡ್ ಹ್ಯಾಂಡ್ ವಿಭಾಗಕ್ಕೆ ಸರಕಾಗುತ್ತದೆ. ಮಾರುತಿ ಟ್ರೂ ವ್ಯಾಲ್ಯೂ ಶುರುವಾದದ್ದು 2001ರಲ್ಲಿ. ಅಲ್ಲಿಂದೀಚೆಗೆ ದೊಡ್ಡ ಕಂಪನಿಗಳೆಲ್ಲ ಹಳೇ ಗಾಡಿಯ ವ್ಯಾಪಾರಕ್ಕೂ ಇಳಿದವು. ಐದನೇ ವರ್ಷದ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ, ಸಾಲ ತೀರುತ್ತಿರುತ್ತದೆ, ಟೈರು ಬ್ಯಾಟರಿ ಬದಲಿಸುವ ಖರ್ಚು ಎದುರಿಗೆ ಬಂದಿರುತ್ತದೆ. ಫೋನು ಬರುವುದು ಆಗ. ಕಾಕತಾಳೀಯವಲ್ಲ, ಕಂಪ್ಯೂಟರೇ ಆ ದಿನ ಹೆಸರನ್ನು ಮೇಲಕ್ಕೆ ತಂದಿರುತ್ತದೆ.

ಅಸಲ್ಫಾ ಗುಡ್ಡದ ಮೇಲಿನ ಚಾಳಿನಲ್ಲಿರುವ ಒಬ್ಬ ಹುಡುಗಿಯ ಪರಿಚಯ ನನಗಿದೆ. ಕೆಲವು ಕಾಲ ಇಂಥದೇ ಟೆಲಿಕಾಲರ್ ಕೆಲಸ ಮಾಡಿ ಬಿಟ್ಟವಳು. ಬೆಳಿಗ್ಗೆ ಪಟ್ಟಿ ಬರುತ್ತದೆ, ಸಂಜೆಯೊಳಗೆ ಮುಗಿಯಬೇಕು. ಪ್ರತಿ ಕರೆಯ ಕೊನೆಗೂ ಹಾಟ್, ವಾರ್ಮ್, ಕೋಲ್ಡ್ ಎಂದು ಒತ್ತಬೇಕು. ‘ಬೇಡ ಅಂದವರನ್ನು ಎಲ್ಲಿ ಹಾಕ್ತಿದ್ರಿ?’ ಎಂದು ಕೇಳಿದೆ. ಅವಳು ಯೋಚಿಸಿ ಹೇಳಿದಳು: ಬೇಡ ಎಂಬ ಖಾನೆಯೇ ಇರಲಿಲ್ಲ. ಇದ್ದದ್ದು ‘ಈಗ ಬೇಡ’. ಅದನ್ನು ಒತ್ತಿದರೆ ಮೂರು ತಿಂಗಳ ಮೇಲೆ ಅದೇ ಹೆಸರು ಮತ್ತೆ ಪಟ್ಟಿಗೆ ಬರುತ್ತಿತ್ತು. ಕಾದು ಕೂತಿರುವ ಗಿರಾಕಿಯ ಬಗ್ಗೆಯೂ ಕೇಳಿದೆ. ನಕ್ಕಳು. ಅದು ಬರೆದುಕೊಟ್ಟ ಮಾತಂತೆ, ಎಲ್ಲರಿಗೂ ಅದನ್ನೇ ಓದಬೇಕು. ಸೇಲ್ಸ್ ಹುಡುಗರು ಒಂದು ಶೋರೂಮ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತಮ್ಮ ಫೋನಿನಲ್ಲಿದ್ದ ಪಟ್ಟಿಯನ್ನೂ ಒಯ್ಯುತ್ತಾರೆ, ಹೊಸ ಕಡೆ ಕೆಲಸ ಸಿಗುವುದೇ ಎಷ್ಟೋ ಸಲ ಅದರ ಬಲದ ಮೇಲೆ ಎಂದೂ ಹೇಳಿದಳು. ನಾನು ಒಂದು ಕಂಪನಿಯ ಗಾಡಿ ಇಟ್ಟುಕೊಂಡಿದ್ದು ಬೇರೊಂದು ಕಂಪನಿಯವರಿಗೆ ಗೊತ್ತಾಗುವ ದಾರಿಗಳಲ್ಲಿ ಅದೂ ಒಂದು.

ಇದು ಬೇಕೆಂದೇ ಬಳಸಿದ್ದರ ಕಥೆ. ಬೇಡವೆಂದರೂ ಸೋರಿಹೋದದ್ದರ ಕಥೆ ಬೇರೆ. 2024ರ ಜನವರಿಯಲ್ಲಿ ಟೆಕ್‌ಕ್ರಂಚ್ ಒಂದು ವರದಿ ಮಾಡಿತು. ಹ್ಯುಂಡೈ ಮೋಟಾರ್ ಇಂಡಿಯಾದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗಾಡಿ ರಿಪೇರಿಯಾದ ಮೇಲೆ ಬಿಲ್ಲಿನ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು. ಲಿಂಕಿನ ವಿಳಾಸದಲ್ಲೇ ಗಿರಾಕಿಯ ಫೋನ್ ನಂಬರು ಇರುತ್ತಿತ್ತು. ಆ ನಂಬರು ಅಳಿಸಿ ಇನ್ನೊಬ್ಬರದು ಹಾಕಿದರೆ ಅವರ ಹೆಸರು, ಮನೆ ವಿಳಾಸ, ಗಾಡಿಯ ನೋಂದಣಿ ಸಂಖ್ಯೆ, ಎಂಜಿನ್ ನಂಬರು, ಎಷ್ಟು ಓಡಿದೆ ಎಂಬುದೆಲ್ಲ ತೆರೆದುಕೊಳ್ಳುತ್ತಿತ್ತು. ತಿಳಿಸಿದ ಮೇಲೆ ಕಂಪನಿ ಸರಿಪಡಿಸಿತು. ಅದಕ್ಕೆ ಒಂದು ವರ್ಷ ಮುಂಚೆ, 2023ರ ಹೊಸವರ್ಷದ ದಿನ, ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ತನ್ನ ಕೆಲವು ಗಿರಾಕಿಗಳ ಮಾಹಿತಿ ಇಂಟರ್‌ನೆಟ್ಟಿನಲ್ಲಿ ಬಯಲಾಗಿರಬಹುದು ಎಂದು ತಾನಾಗಿಯೇ ಪ್ರಕಟಿಸಿತು; ಸೇವೆ ಒದಗಿಸುವ ಒಂದು ಸಂಸ್ಥೆಯ ಕಡೆಯಿಂದ ಆದದ್ದು. ಜಪಾನಿನ ಟೊಯೊಟಾ ಅದೇ ವರ್ಷದ ಮೇ ತಿಂಗಳಲ್ಲಿ ಒಪ್ಪಿಕೊಂಡದ್ದು ಇನ್ನೂ ದೊಡ್ಡದು: 21.5 ಲಕ್ಷ ಗಿರಾಕಿಗಳ ಗಾಡಿ ಎಲ್ಲೆಲ್ಲಿ ಓಡಾಡಿತು ಎಂಬ ಮಾಹಿತಿಯ ಬಾಗಿಲು ಹತ್ತು ವರ್ಷ ತೆರೆದೇ ಇತ್ತು.

ಕಂಪನಿಗಳನ್ನು ಬೈದು ಮುಗಿಸುವಂತಿಲ್ಲ. ಗಾಡಿ ಕೊಂಡವರ ಪಟ್ಟಿಯನ್ನು ಬೆಲೆ ಕಟ್ಟಿ ಬಹಿರಂಗವಾಗಿ ಮಾರಿದ್ದು ಸರ್ಕಾರವೇ. ದೇಶದ ವಾಹನ ನೋಂದಣಿಯೆಲ್ಲ ಸೇರುವ ‘ವಾಹನ್’ ಭಂಡಾರದಲ್ಲಿ 2019ರ ಹೊತ್ತಿಗೇ 25 ಕೋಟಿ ದಾಖಲೆಗಳಿದ್ದವು, ‘ಸಾರಥಿ’ಯಲ್ಲಿ 15 ಕೋಟಿ ಲೈಸೆನ್ಸುಗಳು. 2019ರ ಮಾರ್ಚಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ನೀತಿ ಮಾಡಿ, ಈ ಮಾಹಿತಿಯನ್ನು ಸಗಟಾಗಿ ಕೊಡಲು ದರ ನಿಗದಿ ಮಾಡಿತು: ವ್ಯಾಪಾರಿ ಸಂಸ್ಥೆಗೆ ವರ್ಷಕ್ಕೆ 3 ಕೋಟಿ ರೂಪಾಯಿ, ಶಿಕ್ಷಣ ಸಂಸ್ಥೆಗೆ 5 ಲಕ್ಷ. ಅದೇ ವರ್ಷದ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿ ಸಂಸತ್ತಿಗೆ ಲೆಕ್ಕ ಕೊಟ್ಟರು. 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಭಂಡಾರ ತೆರೆದಿದೆ, ಬೊಕ್ಕಸಕ್ಕೆ 65 ಕೋಟಿ ಬಂದಿದೆ ಎಂದು. ಒಡೆಯನ ಹೆಸರನ್ನು ಬಿಟ್ಟು ಉಳಿದದ್ದನ್ನು ಕೊಟ್ಟರೂ ಇನ್ನೆರಡು ಪಟ್ಟಿಗಳ ಜೊತೆ ತಾಳೆ ಹಾಕಿದರೆ ಹೆಸರು ಹೊರಬೀಳುತ್ತದೆ ಎಂದು ಬಲ್ಲವರು ಎಚ್ಚರಿಸುತ್ತಲೇ ಇದ್ದರು. ಖಾಸಗಿತನಕ್ಕೆ ಅಪಾಯವೆಂದು 2020ರ ಜೂನ್‌ನಲ್ಲಿ ಆ ನೀತಿಯನ್ನು ಕೈಬಿಟ್ಟರು. ನೀತಿ ರದ್ದಾಯಿತು. ಅಷ್ಟರೊಳಗೆ ಮಾರಾಟವಾದ ಮಾಲನ್ನು ಯಾರೂ ವಾಪಸು ತರಲಾರರು. ಉದ್ರಿ ಪುಸ್ತಕವಾದರೆ ಒಂದೇ ಪ್ರತಿ ಇರುತ್ತದೆ.

ಗಾಡಿಯೇ ಮಾಹಿತಿ ಕಳಿಸುವ ಕಾಲ ಬಂದ ಮೇಲೆ ಡೀಲರನ ಷರಾ ಹಳೇ ಕಾಲದ್ದೆನಿಸುತ್ತದೆ. ಮೊಜಿಲ್ಲಾ ಸಂಸ್ಥೆ 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿ ಓದಿ ನೋಡಿ ಎಲ್ಲವನ್ನೂ ಫೇಲ್ ಮಾಡಿತು. ಅಮೆರಿಕದ ಜನರಲ್ ಮೋಟರ್ಸ್, ಗಿರಾಕಿ ಎಷ್ಟು ಜೋರಾಗಿ ಬ್ರೇಕ್ ಹಾಕುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಓಡಿಸುತ್ತಾನೆ ಎಂಬುದನ್ನು ಮಧ್ಯವರ್ತಿ ಕಂಪನಿಗಳಿಗೆ ಕೊಟ್ಟು, ಅದು ವಿಮೆಯವರಿಗೆ ತಲುಪಿದ್ದು 2024ರಲ್ಲಿ ಬಯಲಾಯಿತು. ತಾವೇ ಮಾಹಿತಿ ಕಳಿಸುವ ಗಾಡಿಗಳು ಘಾಟ್ಕೋಪರಿನ ಸೊಸೈಟಿಗಳ ಕೆಳಗೂ ನಿಂತಿವೆ. ಅದು ಇನ್ನೊಂದು ವಾರದ ಲೇಖನ.

ಈ ದೇಶದಲ್ಲಿ ಖಾಸಗಿತನಕ್ಕೆ ಕಾನೂನಿನ ನೆಲೆ ಸಿಕ್ಕಿದ್ದರ ಹಿಂದೆ ಕನ್ನಡ ನಾಡಿನ ಹೆಸರುಗಳಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಮೊಮ್ಮಕ್ಕಳ ಜೊತೆ ಕೂತು ಪೇಪರ್ ಓದುವ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಒಂಬತ್ತರಲ್ಲಿ ಒಬ್ಬರು ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್. ನಾನು ಮೇ ತಿಂಗಳಲ್ಲಿ ಊರಿಗೆ ಹೋಗುವ ದಾರಿಯಲ್ಲೇ ಬೆಳುವಾಯಿ ಸಿಗುತ್ತದೆ. ಹೊಸ ಕಾನೂನಿನ ಕರಡು ಮಾಡಲು ಆ ವರ್ಷವೇ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಮುಂಬಯಿ ಹೈಕೋರ್ಟಿನಲ್ಲಿ ಬಹುಕಾಲ ಇದ್ದ, ಹೆಸರಿನಲ್ಲೇ ಬೆಳ್ಳೂರನ್ನು ಇಟ್ಟುಕೊಂಡ ಬಿ.ಎನ್. ಶ್ರೀಕೃಷ್ಣ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾನೂನು 2023ರಲ್ಲೇ ಆಗಿತ್ತು. ಅದರ ನಿಯಮಗಳು ಬರುವುದನ್ನು ಅವರು ನೋಡಲಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಎಂಬ ಉದ್ದ ಹೆಸರಿನ ಆ ಕಾನೂನು ಭಾವನ ಮಾತನ್ನೇ ಹೇಳುತ್ತದೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದಕ್ಕೆ ಮಾತ್ರ ಬಳಸಬೇಕು. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ: ಔಷಧಿ ಅಂಗಡಿಯಲ್ಲಿ ಒಬ್ಬಾಕೆ ಏನನ್ನೋ ಕೊಂಡು, ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ನಂಬರು ಕೊಡುತ್ತಾಳೆ, ಅಂಗಡಿಯವನು ಅದನ್ನು ರಸೀದಿ ಕಳಿಸಲು ಬಳಸಬಹುದು. ಔಷಧಿ ಅಂಗಡಿಯ ಜಾಗದಲ್ಲಿ ಸರ್ವಿಸ್ ಸೆಂಟರ್ ಇಟ್ಟು ಓದಿಕೊಳ್ಳಿ. ಒಪ್ಪಿಗೆ ಬೇಕಾದ ಕಡೆ ಅದನ್ನು ಸ್ಪಷ್ಟವಾಗಿ, ಷರತ್ತಿಲ್ಲದೆ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಯಾಕೆ ಕೇಳುತ್ತಿದ್ದೇವೆ ಎಂಬ ನೋಟೀಸನ್ನು ಇಂಗ್ಲಿಷಿನಲ್ಲಷ್ಟೇ ಅಲ್ಲ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಘಾಟ್ಕೋಪರಿನ ಶೋರೂಮಿನಲ್ಲಿ ಕೂತು, ‘ನನಗೆ ಕನ್ನಡದಲ್ಲಿ ಕೊಡಿ’ ಎಂದು ಕೇಳಲು ನನಗೆ ಹಕ್ಕಿದೆ. ಕೇಳಿದ ದಿನ ಅವರ ಮುಖ ನೋಡಬೇಕು ಎಂಬ ಆಸೆಯೂ ಇದೆ. ಮಾಹಿತಿಯನ್ನು ಕಾಯದೆ ಬಿಟ್ಟರೆ ದಂಡ 250 ಕೋಟಿಯವರೆಗೆ.

ಆದರೆ ಸ್ವಲ್ಪ ತಡೆಯಬೇಕು. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಮತ್ತೆ ಮೇ! ಅದಕ್ಕಿಂತ ಮುಂಚೆ ಒಪ್ಪಿಗೆಯಿಂದ ಪಡೆದ ಹಳೇ ಮಾಹಿತಿಯನ್ನು ಅಳಿಸಲೇಬೇಕೆಂದಿಲ್ಲ. ಒಂದು ನೋಟೀಸು ಕೊಟ್ಟು, ನಾವು ಬೇಡವೆನ್ನುವ ತನಕ ಬಳಸಬಹುದು. ಹಾಗಾಗಿ ಬಾಯಿ ಬಿಟ್ಟು ಬೇಡವೆನ್ನುವ ಕೆಲಸ ನಮ್ಮದೇ.

ಕೈಕಟ್ಟಿ ಕೂರಬೇಕಾಗಿಲ್ಲ, ಈಗಲೇ ಹಿಡಿಯಬಹುದಾದ ಹಗ್ಗಗಳೂ ಇವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ, ಗಿರಾಕಿ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ತಿಳಿಸುವುದನ್ನು ಅನುಚಿತ ವ್ಯಾಪಾರವೆಂದೇ ಕರೆಯುತ್ತದೆ. ಇದು ಜಾರಿಯಲ್ಲಿದೆ, ಗ್ರಾಹಕ ಸಹಾಯವಾಣಿಯ ನಂಬರು 1915. ಬಿಲ್ ಮಾಡಲು ಮೊಬೈಲ್ ನಂಬರು ಕೊಡಲೇಬೇಕೆಂದು ಹಟ ಹಿಡಿಯಬೇಡಿ ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ಹೇಳಿದೆ. ಫೋನಿನ ಕಾಟಕ್ಕೆ 1909 ಇದೆ. ಟೆಲಿಕಾಂ ನಿಯಂತ್ರಕ ಟ್ರಾಯ್ ಮಾಡಿರುವ ಜಾಹೀರಾತು ಬಗೆಗಳಲ್ಲಿ ಬ್ಯಾಂಕಿಂಗ್, ರಿಯಲ್ ಎಸ್ಟೇಟ್ ಇದ್ದ ಹಾಗೆ ‘ಗ್ರಾಹಕ ವಸ್ತು ಮತ್ತು ಆಟೊಮೊಬೈಲ್’ ಎಂಬ ಬಗೆಯೂ ಇದ್ದು, ಅದನ್ನೊಂದನ್ನೇ ತಡೆಯಬಹುದು. ಜಾಹೀರಾತು ಕರೆಗಳು 140ರಿಂದ ಶುರುವಾಗಬೇಕು. ಹತ್ತಂಕಿಯ ಖಾಸಗಿ ನಂಬರಿನಿಂದ ಬಂದರೆ ಅದೇ ತಪ್ಪು, ಜಾಹೀರಾತು ಕರೆ ಬೇಡವೆನ್ನುವವರ ಡಿಎನ್‌ಡಿ ಪಟ್ಟಿಯಲ್ಲಿ ಹೆಸರು ಬರೆಸದೇ ಇದ್ದವರೂ ಏಳು ದಿನದೊಳಗೆ ದೂರಬಹುದು. 2025ರ ಫೆಬ್ರವರಿಯ ತಿದ್ದುಪಡಿ ಇದನ್ನು ತಂದಿತು. ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ‘ಪಿ’ ಎಂದಿದ್ದರೆ ಆ ಎಸ್‌ಎಂಎಸ್ ಪ್ರಚಾರದ್ದು, ‘ಎಸ್’ ಎಂದಿದ್ದರೆ ಸೇವೆಯದ್ದು. ‘ನಿಮ್ಮ ಗಾಡಿಯ ಸರ್ವಿಸಿಂಗ್ ಬಾಕಿ ಇದೆ’ ಎಂಬುದು ಎಸ್. ‘ನಿಮ್ಮ ಗಾಡಿಗೆ ಇಂದೇ ಒಳ್ಳೆ ಬೆಲೆ’ ಎಂಬುದು ಪಿ. ಎರಡನ್ನೂ ಒಂದೇ ಸಾಲಿನಲ್ಲಿ ಹೊಲಿಯುವ ದರ್ಜಿಗಳು ಇದ್ದಾರೆ. ವಾಟ್ಸ್‌ಆ್ಯಪ್‌ಗೆ ಈ ಯಾವ ಬೇಲಿಯೂ ಇಲ್ಲ. ಆಫರ್‌ಗಳೆಲ್ಲ ಈಗ ಅಲ್ಲಿಗೆ ಹೋಗಿ ನೆಲೆಸಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಆಧಾರ್ ಝೆರಾಕ್ಸಿನ ವಿಷಯವಾಗಿ ಒಂದು ತಮಾಷೆ ನೆನಪಿಗೆ ಬರುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಾರ್ಡಿನ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡೇ ದಿನದಲ್ಲಿ, ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಂಭವವಿದೆಯೆಂದು ಕೇಂದ್ರ ಸರ್ಕಾರ ವಾಪಸು ಪಡೆಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಪ್ರತಿಯ ಸೌಲಭ್ಯ ಉಳಿದಿದೆ. ನಾನು ಅದನ್ನೇ ಕೊಡುತ್ತೇನೆ. ಪ್ರತಿಯ ಮೇಲೆ ಅಡ್ಡಗೆರೆ ಎಳೆದು ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆಯುವುದು ಅಪ್ಪನಿಂದ ಬಂದ ಅಭ್ಯಾಸ. ರೇಶನ್ ಕಾರ್ಡಿನ ಕಾಲದವರು ಅವರು.

ಇಷ್ಟೆಲ್ಲ ಬರೆಯುವ ನಾನು ಗಾಡಿ ಬದಲಿಸಿದೆನೇ ಎಂದು ಕೇಳಿದರೆ, ಬದಲಿಸಿದೆ. ಮಕ್ಕಳು ದೊಡ್ಡವರಾಗಿದ್ದರು, ಹಿಂದಿನ ಸೀಟಿನಲ್ಲಿ ಮೂವರಿಗೆ ಮೊಣಕಾಲು ಇಡಲು ಜಾಗವಿರಲಿಲ್ಲ. ಶೋರೂಮಿನಲ್ಲಿ ಕಾದು ಕೂತ ಆ ಗಿರಾಕಿಯನ್ನು ಬಿಟ್ಟರೆ ಫೋನಿನ ಹುಡುಗಿ ಹೇಳಿದ್ದು ಸುಳ್ಳಲ್ಲ, ಲೆಕ್ಕವೂ ಸುಮಾರಾಗಿ ಸರಿಯಾಗಿಯೇ ಇತ್ತು. ಅದೇ ಒಂದು ಕಿರಿಕಿರಿ: ಅವರಿಗೆ ನನ್ನ ಅಗತ್ಯ ನನಗಿಂತ ಮುಂಚೆ ಗೊತ್ತಾಗಿತ್ತು. ಆದರೆ ಹೋದದ್ದು ಬೇರೊಂದು ಕಡೆಗೆ, ನಾನಾಗಿಯೇ.

ಹಳೇ ಗಾಡಿ ಒಪ್ಪಿಸುವ ದಿನ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಫಾಸ್ಟ್ಯಾಗ್ ಮುಚ್ಚಿಸಿ, ನೋ ಕ್ಲೇಮ್ ಬೋನಸ್ಸಿನ ಪತ್ರ ಕೇಳಿ ಇಟ್ಟುಕೊಂಡೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕೀಲಿ ಕೊಡುವ ಮುಂಚೆ ಸುಮ್ಮನೆ ಸ್ಟಿಯರಿಂಗ್ ಮುಂದೆ ಕೂತೆ. ಪರದೆ ಬೆಳಗಿತು. ಐದು ವರ್ಷಗಳಲ್ಲಿ ಬ್ಲೂಟೂತ್ ಹಾಕಿದಾಗೆಲ್ಲ ಗಾಡಿ ನನ್ನ ಫೋನಿನ ಹೆಸರುಗಳನ್ನೆಲ್ಲ ತನ್ನೊಳಗೆ ಇಳಿಸಿಕೊಂಡಿತ್ತು. ಹೆಂಡತಿಯ ಫೋನಿನವೂ ಇದ್ದವು. ಡಾಕ್ಟರು, ವಕೀಲರು, ಮಗನ ಟ್ಯೂಷನ್ನು, ‘ಅಮ್ಮ ಊರು’ ಎಂಬ ಲ್ಯಾಂಡ್‌ಲೈನ್. ಮ್ಯಾಪ್ ತೆರೆದರೆ ‘ಮನೆ’ ಎಂದು ಗುರುತು ಹಾಕಿದ ಎರಡು ಜಾಗ, ಒಂದು ಪಂತನಗರ, ಇನ್ನೊಂದು ಕಾರ್ಕಳದಾಚೆ. ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದ ಹಳೇ ಗಾಡಿಗಳನ್ನು ನೋಡಿದೆ. ಎಷ್ಟು ಅಮ್ಮಂದಿರ ನಂಬರು ಅವುಗಳಲ್ಲಿ ಕೂತಿವೆಯೋ. ಸೆಟ್ಟಿಂಗ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಹುಡುಕಿ ಒತ್ತಲು ನನಗೆ ಹತ್ತು ನಿಮಿಷ ಹಿಡಿಯಿತು. ಗಾಡಿ ತಗೊಳ್ಳಲು ಬಂದ ಹುಡುಗ ಹೊರಗಿನಿಂದ ಗಾಜು ತಟ್ಟಿ, ‘ಇಮೋಷನಲ್ ಹೋ ಗಯೇ ಕ್ಯಾ ಸರ್?’ ಎಂದ.

ಉಳಿದದ್ದು ಹಳೇ ಶೋರೂಮು. ಗಾಡಿ ಮಾರಿದ ಮೇಲೂ ಅದರ ಸರ್ವಿಸಿಂಗ್ ಬಾಕಿ ಇದೆಯೆಂದು ಮೆಸೇಜು, ಅದಕ್ಕೆ ಒಳ್ಳೇ ಬೆಲೆ ಕೊಡುತ್ತೇವೆಂದು ಕರೆ, ಎರಡೂ ನಿಲ್ಲಲಿಲ್ಲ. ಒಂದು ಭಾನುವಾರ ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಂಡು ನಾನೇ ಹೋದೆ: ಗಾಡಿ ನನ್ನ ಬಳಿ ಇಲ್ಲ, ನನ್ನ ನಂಬರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ, ತೆಗೆದದ್ದನ್ನು ಬರೆದು ತಿಳಿಸಿ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕೂರಿಸಿದಳು, ನೀರು ತರಿಸಿದಳು, ಕಾಗದವನ್ನು ಪೂರ್ತಿ ಓದಿದಳು. ‘ಖಂಡಿತಾ ಸರ್, ಈಗಲೇ ಮಾಡಿಕೊಡ್ತೀನಿ’ ಎಂದು ಹಿಂದಿಯಲ್ಲಿ ಹೇಳಿ ಟ್ಯಾಬ್ ಎತ್ತಿಕೊಂಡಳು. ಮೊದಲು ಹೆಸರು ಕೇಳಿದಳು. ಆಮೇಲೆ ಮೊಬೈಲ್ ನಂಬರು, ಪಿನ್‌ಕೋಡು. ಈಗ ಯಾವ ಗಾಡಿ ಇದೆ ಎಂದೂ ಕೇಳಿದಳು. ಆ ಖಾನೆ ತುಂಬದಿದ್ದರೆ ಪರದೆ ಮುಂದಕ್ಕೆ ಹೋಗುವುದಿಲ್ಲವಂತೆ.

ನನ್ನ ಫೋನು ಟಿಣ್ ಎಂದಿತು.

‘ಓಟಿಪಿ ಬಂದಿದೆ ನೋಡಿ ಸರ್, ಹೇಳ್ತೀರಾ?’

ತೆರೆದು ನೋಡಿದೆ. ನಮ್ಮ ಹೊಸ ಗಾಡಿಯಲ್ಲಿ ನೀವು ತೋರಿದ ಆಸಕ್ತಿಗೆ ಧನ್ಯವಾದಗಳು ಎಂದು ಶುರುವಾಗಿತ್ತು.